ಕೂಗಬೇಡ ಅಂದಿದ್ರಂತೆ

ನಾಲ್ಕು ಡಾಲರ್. 1930ರ ದಶಕದ ಶುರುವಿನ ಚಿಕಾಗೋದಲ್ಲಿ, ಕಂಡವರ ಮನೆ ಬಟ್ಟೆ ಒಗೆದು ನೆಲ ಒರೆಸಿ ಹೊಟ್ಟೆ ಹೊರೀತಿದ್ದ ಒಬ್ಬ ಕಪ್ಪು ಹುಡುಗಿಗೆ ನಾಲ್ಕು ಡಾಲರ್ ಅಂದ್ರೆ ಎಷ್ಟು ದೊಡ್ಡ ದುಡ್ಡು ಅಂತ ಯೋಚ್ನೆ ಮಾಡಿ, ಅದೂ ಇಡೀ ದೇಶವೇ ಕೆಲಸ ಕಳ್ಕೊಂಡು ಬ್ರೆಡ್ಡಿಗೆ ಕ್ಯೂ ನಿಂತಿದ್ದ ಕಾಲದಲ್ಲಿ. ಆ ದುಡ್ಡು ಕೂಡಿಟ್ಟು ಅವಳು ಮೊದಲನೇ ಸಲ ಸಂಗೀತದ ಪಾಠಕ್ಕೆ ಅಂತ ಹೋದಳು. ಪಾಠ ಹೇಳೋರು ಪ್ರೊಫೆಸರ್ ದುಬಾಯ್ಸ್ ಅಂತ, ಅವ್ರೂ ಕಪ್ಪು ಜನಾನೇ, ಶಾಸ್ತ್ರೀಯವಾಗಿ ಹಾಡೋರು. ಹಾಡು ಅಂದ್ರು. ಇವಳು ತನಗೆ ಗೊತ್ತಿದ್ದ ಹಾಗೆ, ಚರ್ಚಲ್ಲಿ ಕೇಳಿ ಕೇಳಿ ಬಂದಿದ್ದ ಹಾಗೆ, ಗಂಟಲು ಬಿಟ್ಟು, ಸ್ವರನ ಎಳೆದು ಬಗ್ಗಿಸಿ, ಮೈಯೆಲ್ಲಾ ಹಾಡಿಗೆ ಕೊಟ್ಟು ಹಾಡಿದಳು. ಅವ್ರು ಮೆಚ್ಚಲಿಲ್ಲ. ಹೀಗೆ ಕೂಗೋದನ್ನ ಬಿಡಬೇಕು, ಇದ್ರಿಂದ ನಮ್ಮ ಜನಕ್ಕೇ ಕೆಟ್ಟ ಹೆಸರು, ಬಿಳಿಯರಿಗೆ ಅರ್ಥ ಆಗೋ ಹಾಗೆ ಹಾಡೋದು ಕಲಿ ಅನ್ನೋ ಅರ್ಥದಲ್ಲಿ ಬುದ್ಧಿ ಹೇಳಿದ್ರು.

ಅವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಆ ಹುಡುಗಿ ಮಹೇಲಿಯಾ ಜಾಕ್ಸನ್, ಮುಂದೆ ಗಾಸ್ಪೆಲ್ ಅನ್ನೋ ಕಪ್ಪು ಜನರ ಚರ್ಚ್ ಸಂಗೀತದ ದೊಡ್ಡ ಹೆಸರಾದವ್ರು.

ಈ ಕತೆ ನಂಗೆ ಯಾಕೆ ಇಷ್ಟು ನಾಟುತ್ತೆ ಅಂದ್ರೆ, ಚಿಕ್ಕವಳಿದ್ದಾಗ ನಂಗೂ ಸಂಗೀತ ಹೇಳಿಕೊಡ್ತಿದ್ದ ಒಬ್ರು ಹೆಚ್ಚುಕಮ್ಮಿ ಇದೇ ಮಾತು ಹೇಳಿದ್ರು, ಹೆಣ್ಣುಮಕ್ಕಳು ಇಷ್ಟು ಗಂಟಲು ತೆಗೀಬಾರ್ದು, ಮೆತ್ತಗೆ ಹಾಡಬೇಕು ಅಂತ. ಅವ್ರು ಕೆಟ್ಟವ್ರಲ್ಲ, ನನ್ನ ಒಳ್ಳೇದಕ್ಕೇ ಹೇಳಿದ್ರು ಅಂತ ಈಗಲೂ ನಂಬ್ತೀನಿ. ಆದ್ರೆ ಮೆತ್ತಗೆ ಮಾಡ್ತಾ ಮಾಡ್ತಾ ನನ್ನ ಧ್ವನಿ ಎಲ್ಲೋ ಒಳಗೇ ಹೋಗಿಬಿಡ್ತು, ಆಮೇಲೆ ಹಾಡೋದೇ ನಿಂತುಹೋಯ್ತು. ಎಷ್ಟೋ ವರ್ಷ ಆದ್ಮೇಲೆ ಒಂದು ರಾತ್ರಿ ಇಯರ್‌ಫೋನಲ್ಲಿ ಈಕೆ ಧ್ವನಿ ಕೇಳಿದಾಗ ಎದ್ದು ಕೂತೆ. ಒಂದು ಹೆಣ್ಣು ಧ್ವನಿ ಇಷ್ಟು ಜಾಗ ತಗೋಬಹುದಾ ಅನ್ನಿಸ್ತು. ಆವತ್ತಿಂದ ಅವ್ರ ಬಗ್ಗೆ ಸಿಕ್ಕಿದ್ದೆಲ್ಲಾ ಓದಿದೀನಿ, ಸಿಕ್ಕಿದ್ದೆಲ್ಲಾ ಕೇಳಿದೀನಿ, ಇವತ್ತು ಅದನ್ನ ಬರೀಲೇಬೇಕು ಅಂತ ಕೂತಿದೀನಿ.

ಹುಟ್ಟಿದ್ದು 1911ರ ಅಕ್ಟೋಬರ್ 26, ನ್ಯೂ ಆರ್ಲಿಯನ್ಸಲ್ಲಿ, ಮಿಸಿಸಿಪ್ಪಿ ನದಿ ದಂಡೆ ಹತ್ರದ ಬಡವರ ಕೇರೀಲಿ. ಮೂರು ರೂಮಿನ ಮನೆ, ಅದರಲ್ಲಿ 13 ಜನ, ಜೊತೆಗೊಂದು ನಾಯಿ. ಹುಟ್ಟಿದಾಗ ಕಾಲು ಸೊಟ್ಟ ಇತ್ತು, ಕಣ್ಣಿಗೂ ತೊಂದ್ರೆ. ಅಪ್ಪ ಹಗಲು ಹಡಗುಕಟ್ಟೇಲಿ ಹತ್ತಿ ಮೂಟೆ ಹೊರೋದು, ಸಂಜೆ ಕ್ಷೌರ ಮಾಡೋದು, ಭಾನುವಾರ ಚರ್ಚಲ್ಲಿ ಪ್ರಸಂಗ ಮಾಡೋದು, ಆದ್ರೆ ಅವ್ರ ಸಂಸಾರವೇ ಬೇರೆ ಇತ್ತು. ಅಮ್ಮ ಚಾರಿಟಿ ಕ್ಲಾರ್ಕ್ ಇವಳಿಗೆ ಐದು ವರ್ಷದ ಆಸುಪಾಸಲ್ಲೇ ತೀರಿಕೊಂಡ್ರು. ಸಾಕಿದ್ದು ದೊಡ್ಡಮ್ಮ, ಎಲ್ರೂ ಡ್ಯೂಕ್ ಆಂಟಿ ಅಂತ ಕರೀತಿದ್ರು, ಭಾಳ ಕಟ್ಟುನಿಟ್ಟು, ಮನೆ ಗುಡಿಸಿ ಒರೆಸಿದ ಮೇಲೆ ಬಿಳೀ ಗ್ಲೌಸ್ ಹಾಕಿ ಧೂಳು ಇದ್ಯಾ ಅಂತ ಮುಟ್ಟಿ ನೋಡೋರು, ಇದ್ರೆ ಏಟು. ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟಾಯ್ತು.

ಈ ಮನೇಲಿ ಇವಳಿಗೆ ಸಿಕ್ಕ ಸಂಗೀತ ಎರಡು ಥರದ್ದು, ಆ ಎರಡನ್ನೂ ಹಿಡೀದೆ ಮಹೇಲಿಯಾನ ಅರ್ಥ ಮಾಡ್ಕೊಳ್ಳೋಕೆ ಆಗಲ್ಲ ಅಂತ ನನ್ನ ಅಭಿಪ್ರಾಯ. ಒಂದು, ಮನೆ ಪಕ್ಕದಲ್ಲೇ ಇದ್ದ ಹೋಲಿನೆಸ್ ಪಂಗಡದ ಚರ್ಚು. ಇವರದ್ದು ಬ್ಯಾಪ್ಟಿಸ್ಟ್ ಚರ್ಚು, ಅಲ್ಲಿ ಹಾಡು ಗಂಭೀರ. ಪಕ್ಕದ ಚರ್ಚಲ್ಲಿ ಹಾಗಲ್ಲ, ಆರ್ಗನ್ ಇಲ್ಲ, ಕ್ವಾಯರ್ ಇಲ್ಲ, ಡ್ರಮ್, ಕಂಜಿರ, ತಾಳ, ಕೈಚಪ್ಪಾಳೆ, ಕಾಲಲ್ಲಿ ನೆಲ ಕುಟ್ಟೋದು, ಇಷ್ಟೇ. ಬಂದವ್ರೆಲ್ಲಾ ಹಾಡೋರೇ, ಕೇಳೋಕೆ ಅಂತ ಕೂತವ್ರು ಯಾರೂ ಇಲ್ಲ. ತನ್ನ ಹಾಡಲ್ಲಿರೋ ಆ ಕುಣಿತ ಬಂದಿದ್ದೇ ಅಲ್ಲಿಂದ ಅಂತ ಮಹೇಲಿಯಾ ಕೊನೇವರೆಗೂ ಹೇಳ್ತಿದ್ರು. ಇನ್ನೊಂದು, ಕಸಿನ್ ಫ್ರೆಡ್ ತಂದಿಟ್ಟಿದ್ದ ಬೆಸ್ಸಿ ಸ್ಮಿತ್ ರೆಕಾರ್ಡುಗಳು. ಬೆಸ್ಸಿ ಸ್ಮಿತ್ ಅಂದ್ರೆ ಬ್ಲೂಸ್ ಹಾಡೋ ರಾಣಿ, ಬ್ಲೂಸ್ ಅಂದ್ರೆ ಕಪ್ಪು ಜನ ತಮ್ಮ ನೋವು, ಪ್ರೀತಿ ಹಾಡ್ಕೊಳ್ಳೋ ಲೌಕಿಕ ಹಾಡು, ಅಂದ್ರೆ ಆಂಟಿ ಲೆಕ್ಕದಲ್ಲಿ ಸೈತಾನನ ಸಂಗೀತ. ಆಂಟಿ ಇಲ್ಲದಾಗ ಹಾಕ್ಕೊಂಡು, ನೆಲ ಒರೆಸ್ತಾ ಒರೆಸ್ತಾ ಬೆಸ್ಸಿ ಹೇಗೆ ಉಸಿರು ಹಿಡೀತಾಳೆ, ಸ್ವರ ಎಲ್ಲಿ ಮುರೀತಾಳೆ ಅಂತ ಕಲಿತಿದ್ದು. ಶಬ್ದ ದೇವರದ್ದು, ದನಿ ಬ್ಲೂಸಿದು. ಹಾಗೆ ತಯಾರಾದ ಗಂಟಲು ಅದು.

1927ರ ಹೊತ್ತಿಗೆ ಚಿಕಾಗೋಗೆ ಬಂದ್ರು. ಇವ್ರೊಬ್ರೇ ಅಲ್ಲ, 1916ರಿಂದ 1970ರವರೆಗೆ ಹೆಚ್ಚುಕಮ್ಮಿ 60 ಲಕ್ಷ ಕಪ್ಪು ಜನ ದಕ್ಷಿಣದ ರಾಜ್ಯಗಳನ್ನ ಬಿಟ್ಟು ಉತ್ತರದ, ಪಶ್ಚಿಮದ ಊರುಗಳಿಗೆ ಹೋದ್ರು, ಆ ದೊಡ್ಡ ವಲಸೇಲಿ ಇವ್ರೂ ಒಂದು ತಲೆ. ನರ್ಸ್ ಆಗಬೇಕು ಅನ್ನೋ ಆಸೆ ಇತ್ತು, ಸಿಕ್ಕಿದ್ದು ಬಟ್ಟೆ ಒಗೆಯೋ ಕೆಲಸ. ಗ್ರೇಟರ್ ಸೇಲಂ ಬ್ಯಾಪ್ಟಿಸ್ಟ್ ಚರ್ಚಿನ ಕ್ವಾಯರ್ ಸೇರಿದ್ರು. ಪಾದ್ರಿ ಮಕ್ಕಳ ಜೊತೆ ಜಾನ್ಸನ್ ಸಿಂಗರ್ಸ್ ಅಂತ ಗುಂಪು ಕಟ್ಟಿ ಚರ್ಚಿಂದ ಚರ್ಚಿಗೆ ಹಾಡ್ತಾ ಹೋದ್ರು. ದೊಡ್ಡ ದೊಡ್ಡ ಚರ್ಚುಗಳಿಗೆ ಈ ಥರದ ಹಾಡು ಇಷ್ಟ ಆಗ್ತಿರಲಿಲ್ಲ, ದೇವರ ಮನೇಲಿ ಇದೇನು ಮೈ ಕುಲುಕಿಸೋದು ಅಂತ. ಹಾಗೆ ಆಕ್ಷೇಪಣೆ ಮಾಡಿದ ಒಬ್ಬ ಪಾದ್ರಿಗೆ ಮಹೇಲಿಯಾ ಬೈಬಲ್ಲಿನ ಕೀರ್ತನೆನೇ ತೋರಿಸಿದ್ರು, ಸಕಲ ಜನಗಳೇ ಚಪ್ಪಾಳೆ ತಟ್ಟಿ, ದೇವರಿಗೆ ಆರ್ಭಟಿಸಿ ಅಂತ ಅಲ್ಲೇ ಬರೆದಿದೆಯಲ್ಲ ಅಂತ. ಆದ್ರೆ ಬೀದಿ ಬದಿ ಖಾಲಿ ಅಂಗಡಿ ಮಳಿಗೆನೇ ಚರ್ಚ್ ಮಾಡ್ಕೊಂಡಿದ್ದ ಬಡಜನ, ನಿನ್ನೆ ಮೊನ್ನೆ ಊರು ಬಿಟ್ಟು ಬಂದೋರು, ಅವ್ರಿಗೆ ಈ ದನೀಲಿ ತಮ್ಮೂರೇ ಕೇಳಿಸ್ತು. ಅವ್ರೇ ಇವ್ರನ್ನ ಬೆಳೆಸಿದ್ದು.

ಅಲ್ಲೇ ಥಾಮಸ್ ಎ. ಡಾರ್ಸಿ ಸಿಕ್ಕಿದ್ದು. ಡಾರ್ಸಿ ಮೊದಲು ಜಾರ್ಜಿಯಾ ಟಾಮ್ ಅನ್ನೋ ಹೆಸರಲ್ಲಿ ಬ್ಲೂಸ್ ನುಡಿಸ್ತಿದ್ದವ್ರು, ಮಾ ರೇನಿ ಅನ್ನೋ ಬ್ಲೂಸ್ ಹಾಡುಗಾರ್ತಿ ಜೊತೆ ಪಿಯಾನೋ ಬಾರಿಸಿದವ್ರು. 1932ರಲ್ಲಿ ಹೆರಿಗೇಲಿ ಹೆಂಡ್ತಿ ತೀರ್ಕೊಂಡ್ರು, ಹುಟ್ಟಿದ ಮಗೂನೂ ಉಳೀಲಿಲ್ಲ, ಆ ದುಃಖದಲ್ಲಿ ಅವ್ರು ಕಟ್ಟಿದ ಹಾಡೇ 'ಪ್ರೆಷಸ್ ಲಾರ್ಡ್, ಟೇಕ್ ಮೈ ಹ್ಯಾಂಡ್'. ಈ ಹಾಡಿನ ಹೆಸರು ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ. ಇಬ್ರೂ ಸೇರಿ ಚಿಕಾಗೋ ಬೀದಿ ಮೂಲೇಲಿ ನಿಂತು, ಇವ್ರು ಹಾಡೋದು, ಅವ್ರು ಹಾಡು ಅಚ್ಚಾಗಿರೋ ಹಾಳೆ ಹತ್ತು ಸೆಂಟಿಗೆ ಒಂದರಂತೆ ಮಾರೋದು. ಇವತ್ತು ನಾವು ಗಾಸ್ಪೆಲ್ ಅಂತ ಯಾವ್ದನ್ನ ಕರೀತೀವೋ, ಚರ್ಚಿನ ಹಾಡಿಗೆ ಬ್ಲೂಸಿನ ಬೆನ್ನೆಲುಬು, ಅದನ್ನ ಮಾಡಿದ್ದು ಇಂಥಾ ಜನ.

ಈಗ ಅವ್ರ ಜೀವನದ ಮುಖ್ಯ ವಿಷಯಕ್ಕೆ ಬರ್ತೀನಿ. ಅವ್ರ ತಾತ ಚಿಕಾಗೋಗೆ ಮೊಮ್ಮಗಳನ್ನ ನೋಡೋಕೆ ಬಂದಿದ್ರು. ಬೇಸಿಗೆ ಬಿಸಿಲು. ತಾತಂದೊಂದು ಫೋಟೋ ಬೇಕು ಅಂತ ಹಟ ಮಾಡಿ ಇವ್ರೇ ಸ್ಟುಡಿಯೋಗೆ ಕಳಿಸಿದ್ದು, ಅಲ್ಲಿ ತಾತಂಗೆ ಸ್ಟ್ರೋಕ್ ಆಗಿ ಬಿದ್ದುಬಿಟ್ರು. ತನ್ನಿಂದಾನೇ ಹೀಗಾಯ್ತು ಅನ್ನೋ ಸಂಕಟ. ಮಂಡಿಯೂರಿ ಹರಕೆ ಹೊತ್ಕೊಂಡ್ರು, ತಾತನ್ನ ಉಳಿಸ್ಕೊಡಪ್ಪ, ಇನ್ಮೇಲೆ ನಾನು ಥಿಯೇಟರ್ ಮೆಟ್ಟಿಲು ಹತ್ತಲ್ಲ ಅಂತ. ತಾತ ಹುಷಾರಾದ್ರು. ಮಾತು ಉಳೀತು, ಜೀವನ ಪೂರ್ತಿ. ಜನ ಇದನ್ನ ದೊಡ್ಡ ಸಿದ್ಧಾಂತ ಅನ್ನೋ ಹಾಗೆ ಬರೀತಾರೆ, ಪವಿತ್ರ ಸಂಗೀತ ಒಂದು ಕಡೆ, ಲೌಕಿಕ ಸಂಗೀತ ಇನ್ನೊಂದು ಕಡೆ ಅಂತ. ನಂಗೆ ಹಾಗೆ ಕಾಣಲ್ಲ. ಬೆಸ್ಸಿ ಸ್ಮಿತ್ ದನಿ ಗಂಟಲಲ್ಲೇ ಇಟ್ಕೊಂಡಿದ್ದವ್ರಿಗೆ ಆ ಗೋಡೆ ಎಷ್ಟು ತೆಳು ಅಂತ ಗೊತ್ತಿರಲಿಲ್ವಾ? ಗೊತ್ತಿತ್ತು. ಅದು ತಾತನ ಮಂಚದ ಪಕ್ಕ ಕೊಟ್ಟ ಮಾತು, ಅಷ್ಟೇ, ಅದಕ್ಕೇ ಅಷ್ಟು ಗಟ್ಟಿ.

ಆ ಮಾತಿಗೆ ಬೆಲೆ ತೆತ್ತಿದ್ದೂ ಕಮ್ಮಿ ಇಲ್ಲ. 1936ರಲ್ಲಿ ಐಕ್ ಹಾಕನ್‌ಹಲ್ ಅನ್ನೋರನ್ನ ಮದ್ವೆ ಆದ್ರು, ಓದಿದವ್ರು, ಕೆಮಿಸ್ಟ್ರಿ ಓದಿದ್ರೂ ಆ ಕಷ್ಟದ ಕಾಲದಲ್ಲಿ ಪೋಸ್ಟ್‌ಮ್ಯಾನ್ ಕೆಲಸ. ಗಂಡನಿಗೆ ಹೆಂಡತಿ ಧ್ವನಿ ಚಿನ್ನದ ಗಣಿ ಅಂತ ಗೊತ್ತಿತ್ತು, ಚರ್ಚಲ್ಲಿ ಅದು ಹಾಳಾಗ್ತಿದೆ ಅನ್ನೋ ಕೊರಗು. 1937ರಲ್ಲಿ ಡೆಕ್ಕಾ ಕಂಪನಿ ಅವ್ರ ಮೊದಲ ರೆಕಾರ್ಡುಗಳನ್ನ ಮಾಡ್ತು, ಮಾರಾಟ ಆಗಲಿಲ್ಲ, ಬ್ಲೂಸ್ ಹಾಡು ಅಂದ್ರು, ಇವ್ರು ಒಲ್ಲೆ ಅಂದ್ರು, ಅಲ್ಲಿಗೆ ಮುಗೀತು, ಸುಮಾರು ಹತ್ತು ವರ್ಷ ರೆಕಾರ್ಡೇ ಇಲ್ಲ. ಗಂಡನಿಗೆ ಕೆಲಸ ಹೋಗಿದ್ದಾಗ ಒಂದು ಸಂಗೀತ ನಾಟಕದ ಆಡಿಷನ್ನಿಗೆ ಹೋಗೋ ಪರಿಸ್ಥಿತಿ ಬಂತು. ಕಾಲು ಎಳೀತಾ ಹೋದ್ರು, ಹಾಡಿದ್ರು, ಪಾರ್ಟು ಸಿಕ್ಕಿಬಿಡ್ತು, ವಾರಕ್ಕೆ 60 ಡಾಲರ್. ಮನೆಗೆ ಬಂದ್ರೆ ಐಕ್‌ಗೆ ಕೆಲಸ ಸಿಕ್ಕಿದೆ ಅನ್ನೋ ಸುದ್ದಿ. ತಕ್ಷಣ ನಾಟಕಕ್ಕೆ ಬರಲ್ಲ ಅಂದುಬಿಟ್ರು. ಐಕ್‌ಗೆ ಅದು ಅರ್ಥವೇ ಆಗಲಿಲ್ಲ, ಅವ್ರ ಕುದುರೆ ಜೂಜು ಇವ್ರಿಗೆ ಅರ್ಥ ಆಗಲಿಲ್ಲ, ಮದ್ವೆ ನಿಲ್ಲಲಿಲ್ಲ. ಹೊಟ್ಟೆಪಾಡಿಗೆ ಇವ್ರು ತಲೆಗೂದಲು ಅಲಂಕಾರದ ಕೋರ್ಸ್ ಮಾಡಿ ಬ್ಯೂಟಿ ಪಾರ್ಲರ್ ಇಟ್ರು, ಆಮೇಲೆ ಹೂವಿನ ಅಂಗಡೀನೂ. ವಾರ ಪೂರ್ತಿ ಕೂದಲು ಬಾಚಿ ಶನಿವಾರ ರೈಲು ಹತ್ತಿ ಎಲ್ಲೋ ಹೋಗಿ ಹಾಡಿ ಮತ್ತೆ ಸೋಮವಾರ ಅಂಗಡಿ ಬಾಗಿಲು ತೆಗೆಯೋ ಜೀವನ.

ಆಮೇಲೆ 1947. ಅಪೋಲೋ ಅನ್ನೋ ಸಣ್ಣ ಕಂಪನೀಲಿ 'ಮೂವ್ ಆನ್ ಅಪ್ ಎ ಲಿಟಲ್ ಹೈಯರ್' ರೆಕಾರ್ಡ್ ಆಯ್ತು, ಮೆಂಫಿಸ್‌ನ ಪಾದ್ರಿ ಹರ್ಬರ್ಟ್ ಬ್ರೂಸ್ಟರ್ ಬರೆದ ಹಾಡು. ಆಗಿನ 78 ಆರ್‌ಪಿಎಂ ತಟ್ಟೇಲಿ ಒಂದು ಬದಿಗೆ ಮೂರು ನಿಮಿಷದ ಹಾಡು ಹಿಡಿದ್ರೆ ಹೆಚ್ಚು. ಇವ್ರ ಹಾಡಿಗೆ ಅದು ಸಾಲಲಿಲ್ಲ. ಚರ್ಚಲ್ಲಿ ಹಾಡೋರಿಗೆ ಹಾಡು ಯಾವಾಗ ಮುಗಿಯುತ್ತೆ ಅನ್ನೋದು ಗಡಿಯಾರದ ಮೇಲಲ್ಲ, ಕೂತ ಜನದ ಮೇಲೆ ನಿಂತಿರುತ್ತೆ. ಹಾಗಾಗಿ ಹಾಡನ್ನ ಎರಡು ತುಂಡು ಮಾಡಿ ಮೊದಲನೇ ಭಾಗ ಈ ಬದಿ, ಎರಡನೇ ಭಾಗ ಆ ಬದಿ ಹಾಕಿದ್ರು. ಹಾಡು ಮೆಟ್ಟಿಲು ಹತ್ತಿದ ಹಾಗೆ ಏರ್ತಾ ಹೋಗುತ್ತೆ, ಸ್ವರ್ಗಕ್ಕೆ ಹೋದ ಮೇಲೆ ಯಾರ್ಯಾರನ್ನ ನೋಡ್ತೀನಿ ಅನ್ನೋ ಪಟ್ಟಿ, ಪ್ರತೀ ಸಾಲಿಗೂ ದನಿ ಇನ್ನೊಂಚೂರು ಬಿಗಿ, ಇನ್ನೇನು ಒಡೀಬೇಕು ಅನ್ನೋ ಹೊತ್ತಿಗೆ ಬದಿ ಮುಗಿದುಹೋಗುತ್ತೆ. ಎದ್ದು ಹೋಗಿ ತಟ್ಟೆ ಮಗುಚಬೇಕು. ಹತ್ತು ಲಕ್ಷಕ್ಕೂ ಮೀರಿ ಮಾರಾಟ ಆಯ್ತು ಅಂತಾರೆ. ಇದೇ ಕೂಗು, ಬಿಡು ಅಂದಿದ್ದ ಕೂಗೇ.

ಮೂರೇ ವರ್ಷಕ್ಕೆ, 1950ರಲ್ಲಿ, ನ್ಯೂಯಾರ್ಕಿನ ಕಾರ್ನೆಗಿ ಹಾಲಲ್ಲಿ ಹಾಡಿದ್ರು. 1954ರಲ್ಲಿ ಕೊಲಂಬಿಯಾ ಅನ್ನೋ ದೊಡ್ಡ ಕಂಪನಿ, ಅದೇ ವರ್ಷ ಸಿಬಿಎಸ್ ರೇಡಿಯೋದಲ್ಲಿ ಅವ್ರದ್ದೇ ಕಾರ್ಯಕ್ರಮ, ಜನಕ್ಕೆ ತುಂಬಾ ಇಷ್ಟ ಆದ್ರೂ ಸ್ಪಾನ್ಸರ್ ಸಿಗಲಿಲ್ಲ, ಕಪ್ಪು ಹೆಂಗಸಿನ ಕಾರ್ಯಕ್ರಮಕ್ಕೆ ಹೆಸರು ಕೊಟ್ರೆ ದಕ್ಷಿಣದ ಬಿಳಿಯರು ನಮ್ಮ ಸಾಮಾನು ಕೊಳ್ಳಲ್ಲ ಅನ್ನೋ ಭಯ, ಕೆಲವೇ ತಿಂಗಳಲ್ಲಿ ನಿಂತುಹೋಯ್ತು. ದಕ್ಷಿಣದಲ್ಲಿ ಟೂರ್ ಹೋದಾಗಂತೂ ಸಂಜೆ ಹಾಲ್ ತುಂಬಾ ಬಿಳಿಯರು ಎದ್ದು ನಿಂತು ಚಪ್ಪಾಳೆ ತಟ್ಟೋರು, ಹಾಡು ಮುಗಿಸಿ ಹೊರಗೆ ಬಂದ್ರೆ ಒಂದು ಸ್ಯಾಂಡ್‌ವಿಚ್ ಕೊಡೋ ಹೋಟೆಲಿಲ್ಲ, ಮಲಗೋಕೆ ರೂಮಿಲ್ಲ. ಕಾರಲ್ಲೇ ಊಟ, ಕಾರಲ್ಲೇ ನಿದ್ದೆ. ಕಾರ್ಯಕ್ರಮ ಮಾಡಿಸೋರು ಎಷ್ಟೋ ಸಲ ಮೋಸ ಮಾಡಿದ್ದಕ್ಕೆ ಮೊದಲೇ ಕ್ಯಾಶ್ ಎಣಿಸಿ ತಗೊಂಡು ಮೈಮೇಲೇ ಬಟ್ಟೆಯೊಳಗೆ ಇಟ್ಕೊಂಡು ಸ್ಟೇಜ್ ಹತ್ತೋರು. ಅದನ್ನ ದುರಾಸೆ ಅಂದವ್ರಿದಾರೆ. ಚೆಕ್ಕು ಬೌನ್ಸ್ ಆಗಿ ಅಪರಿಚಿತ ಊರಲ್ಲಿ ರಾತ್ರಿ ಕಾರಲ್ಲಿ ಮಲಗಿದವ್ರಿಗೆ ಆ ಮಾತು ಹೇಳೋ ಹಕ್ಕು ಯಾರಿಗೂ ಇಲ್ಲ ಅಂತ ನಂಗನ್ಸುತ್ತೆ.

ಆದ್ರೆ ಒಂದು ವಿಷಯ ನಂಗೂ ನುಂಗೋಕಾಗಲ್ಲ. ಮಿಲ್ಡ್ರೆಡ್ ಫಾಲ್ಸ್ ಅಂತ ಅವ್ರ ಪಿಯಾನೋ ಸಾಥಿ. ನಲವತ್ತರ ದಶಕದ ಕೊನೆಯಿಂದ ವರ್ಷಗಟ್ಟಲೆ ಜೊತೆಗಿದ್ದವ್ರು. ಮಹೇಲಿಯಾಗೆ ನೋಟೇಷನ್ ಓದೋಕೆ ಬರ್ತಿರಲಿಲ್ಲ, ಹಾಡು ಎಲ್ಲಿ ತಿರುಗುತ್ತೆ ಅನ್ನೋದು ಹಾಡ್ತಾ ಹಾಡ್ತಾನೇ ತೀರ್ಮಾನ ಆಗ್ತಿದ್ದಿದ್ದು, ಆ ತಿರುವನ್ನ ಮಿಲ್ಡ್ರೆಡ್ ಬೆನ್ನು ನೋಡೇ ಹಿಡಿಯೋರು. ಗಮನ ಇಟ್ಟು ಕೇಳಿ, ಎಡಗೈ ಒಂದು ಕ್ಷಣ ಕಾಯುತ್ತೆ, ಮಹೇಲಿಯಾ ಉಸಿರು ತಗೊಂಡ ಮೇಲೇ ಬೀಳುತ್ತೆ. ಇಂಥವ್ರಿಗೆ ಕೊಟ್ಟಿದ್ದು ಕಮ್ಮಿ ಸಂಬಳ, ಹೆಚ್ಚಿಗೆ ಕೇಳಿದ್ದಕ್ಕೆ ಮನಸ್ತಾಪ, ಕೊನೆಗೆ ಮಿಲ್ಡ್ರೆಡ್ ಬಡತನದಲ್ಲೇ ತೀರ್ಕೊಂಡ್ರು. ಬಡತನ ಕಂಡ ಕೈ ಎಷ್ಟೋ ಸಲ ಬಿಗೀನೇ ಇರುತ್ತೆ, ಗೊತ್ತು. ಆದ್ರೂ ಬೇಜಾರಾಗುತ್ತೆ.

1956ರಲ್ಲಿ ಚಿಕಾಗೋದಲ್ಲಿ ಬಿಳಿಯರೇ ಇದ್ದ ಏರಿಯಾದಲ್ಲಿ ಮನೆ ತಗೊಂಡ್ರು. ಫೋನಲ್ಲಿ ಬೆದರಿಕೆ, ಆಮೇಲೆ ಕಿಟಕಿಗೆ ಗುಂಡು. ಮನೆ ಮುಂದೆ ಪೊಲೀಸ್ ಕಾವಲು ಹಾಕಬೇಕಾಯ್ತು. ಅದೇ ವರ್ಷ, ಕಪ್ಪು ಜನರ ಹಕ್ಕಿಗೆ ಹೋರಾಡ್ತಿದ್ದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅವ್ರ ಪರಿಚಯ ಆಯ್ತು. ಅಲಬಾಮಾದ ಮಾಂಟ್‌ಗೊಮರೀಲಿ, ಕಪ್ಪು ಜನನ ಬೇರೆ ಕೂರಿಸ್ತಾರೆ ಅಂತ ಬಸ್ಸಿಗೆ ಬಹಿಷ್ಕಾರ ಹಾಕಿ ವರ್ಷ ಪೂರ್ತಿ ನಡ್ಕೊಂಡೇ ಓಡಾಡಿದ ಜನಕ್ಕೋಸ್ಕರ ಹಾಡೋಕೆ ಬರ್ತೀರಾ, ಫೀಸು ಎಷ್ಟು ಅಂತ ಕೇಳಿದಾಗ, ನಡೆಯೋ ಜನದ ಹತ್ರ ನಾನು ದುಡ್ಡು ತಗೊಳ್ಳಲ್ಲ ಅಂದ್ರು, ಕ್ಯಾಶ್ ಎಣಿಸದೆ ಸ್ಟೇಜ್ ಹತ್ತದ ಅದೇ ಮಹೇಲಿಯಾ. ಅಲ್ಲಿ ಉಳ್ಕೊಂಡಿದ್ದು ಕಿಂಗ್ ಅವ್ರ ಜೊತೆಗಾರ ರಾಲ್ಫ್ ಅಬರ್ನಾಥಿ ಮನೇಲಿ, ಇವ್ರು ವಾಪಸ್ ಬಂದ ಸ್ವಲ್ಪ ದಿನಕ್ಕೇ ಆ ಮನೆಗೆ ಬಾಂಬ್ ಬಿತ್ತು. ಆಮೇಲೆ ಕಿಂಗ್ ಮನಸ್ಸು ಕುಗ್ಗಿದಾಗೆಲ್ಲಾ ಇವ್ರಿಗೆ ಫೋನ್ ಮಾಡಿ ಒಂದು ಹಾಡು ಹಾಡಿ ಅನ್ನೋರಂತೆ, ಇವ್ರು ಫೋನಲ್ಲೇ ಹಾಡೋರು.

1963ರ ಆಗಸ್ಟ್ 28ರ ವಾಷಿಂಗ್ಟನ್ ಎಲ್ರಿಗೂ ಗೊತ್ತು. ಲಿಂಕನ್ ಸ್ಮಾರಕದ ಮುಂದೆ ಎರಡೂವರೆ ಲಕ್ಷ ಜನ. ಕಿಂಗ್ ಮಾತಾಡೋ ಮೊದಲು ಮಹೇಲಿಯಾ ಹಾಡಿದ್ರು, ಗುಲಾಮಗಿರಿ ಕಾಲದ ಹಳೇ ಹಾಡು. ಆಮೇಲೆ ಕಿಂಗ್ ಬರ್ಕೊಂಡು ಬಂದಿದ್ದ ಭಾಷಣ ಓದ್ತಾ ಇದ್ರು. ಬರೆದಿದ್ದರಲ್ಲಿ ಕನಸಿನ ಮಾತೇ ಇರಲಿಲ್ಲ. ಹಿಂದೆ ಕೂತಿದ್ದ ಮಹೇಲಿಯಾ ಕೂಗಿದ್ರು, ಕನಸಿನ ವಿಷಯ ಹೇಳು ಮಾರ್ಟಿನ್ ಅಂತ. ಕಿಂಗ್ ಅವ್ರ ಸಲಹೆಗಾರ ಕ್ಲಾರೆನ್ಸ್ ಜೋನ್ಸ್ ಹತ್ರದಲ್ಲೇ ನಿಂತಿದ್ರು, ಕಿಂಗ್ ಹಾಳೆ ಪಕ್ಕಕ್ಕೆ ಸರಿಸಿದ್ದನ್ನ ಕಣ್ಣಾರೆ ನೋಡಿದ್ದಾಗಿ ಹೇಳಿದಾರೆ. ಮುಂದಿನದ್ದು, 'ಐ ಹ್ಯಾವ್ ಎ ಡ್ರೀಮ್', ಜಗತ್ತಿಗೇ ಬಾಯಿಪಾಠ.

ಇದನ್ನ ಎಲ್ರೂ ಮಧ್ಯೆ ಬಾಯಿ ಹಾಕಿದ ಹಾಗೆ, ಆಕಸ್ಮಿಕ ಅನ್ನೋ ಹಾಗೆ ಹೇಳ್ತಾರೆ. ಕಪ್ಪು ಜನರ ಚರ್ಚು ಹೇಗೆ ನಡೆಯುತ್ತೆ ಅಂತ ಗೊತ್ತಿದ್ರೆ ಹಾಗೆ ಅನ್ಸಲ್ಲ. ಅಲ್ಲಿ ಪಾದ್ರಿ ಒಂದು ಸಾಲು ಹೇಳ್ತಾರೆ, ಕೂತ ಜನ ಸುಮ್ನೆ ಇರಲ್ಲ, ಆಮೆನ್ ಅಂತಾರೆ, ಹೌದು ಅಂತಾರೆ, ಹೇಳಿ ಹೇಳಿ ಅಂತ ಮುಂದೆ ತಳ್ತಾರೆ. ನಮ್ಮ ಹರಿಕಥೇಲಿ ದಾಸರು ನಿಲ್ಲಿಸಿದ ಕಡೆ ಸಭೆ ಗೋವಿಂದ ಅನ್ನದಿದ್ರೆ ಕಥೆ ಮುಂದಕ್ಕೆ ಹೋಗಲ್ವಲ್ಲ, ಹಾಗೆ. ಭಾಷಣ ಒಂಚೂರು ತಣ್ಣಗಾಗ್ತಿದೆ ಅಂತ ಕಿವಿಗೆ ಮೊದಲು ಗೊತ್ತಾಗಿದ್ದು ಹಾಡೋರಿಗೆ. ಅವ್ರು ಚಿಕ್ಕಂದಿನಿಂದ ಮಾಡ್ತಾ ಬಂದ ಕೆಲಸನೇ ಮಾಡಿದ್ರು, ಪ್ರಸಂಗಿಗೆ ಸಭೆಯಿಂದ ಉತ್ತರ ಕೊಟ್ರು. ಪಕ್ಕದ ಮನೆ ಚರ್ಚಿನ ಆ ಪುಟ್ಟ ಹುಡುಗಿನೇ ಅಲ್ಲಿ ಕೂತಿದ್ದು.

ಐದೇ ವರ್ಷ. 1968ರ ಏಪ್ರಿಲಲ್ಲಿ ಮೆಂಫಿಸ್‌ನಲ್ಲಿ ಕಿಂಗ್‌ಗೆ ಗುಂಡು ಬಿತ್ತು. ಅದಕ್ಕೆ ಕೆಲವೇ ಕ್ಷಣ ಮೊದಲು ಅವ್ರು ಬೆನ್ ಬ್ರಾಂಚ್ ಅನ್ನೋ ಸಂಗೀತಗಾರರಿಗೆ ಇವತ್ತು ರಾತ್ರಿ 'ಪ್ರೆಷಸ್ ಲಾರ್ಡ್' ನುಡಿಸಬೇಕು, ಚೆನ್ನಾಗಿ ನುಡಿಸಬೇಕು ಅಂತ ಹೇಳಿದ್ರು. ಅಟ್ಲಾಂಟಾದಲ್ಲಿ ಅಂತ್ಯಕ್ರಿಯೆ ದಿನ ಆ ಹಾಡನ್ನ ಮಹೇಲಿಯಾ ಹಾಡಿದ್ರು. ಹೆಂಡತಿ ಮಗು ಕಳ್ಕೊಂಡವ್ರು ಕಟ್ಟಿದ ಹಾಡು, ಸ್ನೇಹಿತನ್ನ ಕಳ್ಕೊಂಡವ್ರು ಹಾಡಿದ್ದು.

ಕೊನೇ ವರ್ಷಗಳಲ್ಲಿ ಹೃದಯ ಸರಿ ಇರಲಿಲ್ಲ, ಎರಡನೇ ಮದ್ವೇನೂ ಉಳೀಲಿಲ್ಲ, ಆದ್ರೂ ಹಾಡೋದು ಬಿಡಲಿಲ್ಲ. 1971ರಲ್ಲಿ ಭಾರತಕ್ಕೂ ಬಂದಿದ್ರು, ಕಲ್ಕತ್ತಾ, ದೆಹಲಿ, ಮದ್ರಾಸ್, ಬಾಂಬೆನಲ್ಲಿ ಹಾಡಿದ್ರು, ಇಂದಿರಾ ಗಾಂಧಿಯವ್ರನ್ನ ಭೇಟಿ ಮಾಡಿದ್ರು. ಮದ್ರಾಸಲ್ಲಿ ಆವತ್ತು ಕೇಳಿದವ್ರು ಯಾರಾದ್ರೂ ಸಿಕ್ರೆ ಕಾಲು ಹಿಡ್ಕೊಂಡಾದ್ರೂ ಹೇಗಿತ್ತು ಹೇಳಿ ಅಂತ ಕೇಳ್ತಿದ್ದೆ.

1972ರ ಜನವರಿ 27ಕ್ಕೆ ಹೋಗಿಬಿಟ್ರು, ಅರವತ್ತೇ ವರ್ಷ. ಚಿಕಾಗೋದಲ್ಲಿ ಅವ್ರು ಬಂದ ಹೊಸದರಲ್ಲಿ ಸೇರಿದ್ದ ಅದೇ ಗ್ರೇಟರ್ ಸೇಲಂ ಚರ್ಚಲ್ಲಿ ಮಲಗಿಸಿದ್ರು, ಸಾವಿರಾರು ಜನ ಸಾಲಾಗಿ ಬಂದು ನೋಡಿದ್ರು. ಡೆಟ್ರಾಯಿಟ್‌ನ ಪಾದ್ರಿ ಫ್ರ್ಯಾಂಕ್ಲಿನ್ ಅವ್ರ ಮನೆಗೆ ಮಹೇಲಿಯಾ ಹೋಗಿ ಬರ್ತಿದ್ದಾಗ ಆ ಮನೇಲಿ ಒಬ್ಬ ಹುಡುಗಿ ಇದ್ಳು, ಅರೀತಾ ಫ್ರ್ಯಾಂಕ್ಲಿನ್, ಇವ್ರ ಹಾಡು ಕೇಳ್ಕೊಂಡೇ ಬೆಳೆದು ತಾನೂ ದೊಡ್ಡ ಹಾಡುಗಾರ್ತಿ ಆದವಳು. ಚಿಕಾಗೋದಲ್ಲಿ ಅಂತ್ಯಕ್ರಿಯೆಗೆ ಅವಳೇ ಬಂದು ಅದೇ 'ಪ್ರೆಷಸ್ ಲಾರ್ಡ್' ಹಾಡಿದ್ಳು. ಆಮೇಲೆ ನ್ಯೂ ಆರ್ಲಿಯನ್ಸಿಗೆ ಕರ್ಕೊಂಡು ಹೋಗಿ ಅವ್ರೂರ ಪಕ್ಕದ ಮೆಟೈರೀಲಿ ಮಣ್ಣು ಮಾಡಿದ್ರು.

1947ರ ಆ ಹಾಡು ನನ್ನ ಫೋನಲ್ಲಿ ಈಗಲೂ ಎರಡು ಫೈಲಾಗೇ ಇದೆ, ಭಾಗ ಒಂದು, ಭಾಗ ಎರಡು. ಎರಡನ್ನೂ ಸೇರಿಸಿ ಒಂದು ಮಾಡ್ಕೋಬಹುದಿತ್ತು, ಮಾಡ್ಕೊಂಡಿಲ್ಲ. ಮೊದಲನೇದು ಮುಗಿದು ಎರಡನೇದು ಶುರುವಾಗೋ ಮಧ್ಯೆ ಎರಡು ಮೂರು ಸೆಕೆಂಡ್ ಏನೂ ಇರಲ್ಲ, ಹಿಂದಿನವ್ರು ಎದ್ದು ತಟ್ಟೆ ಮಗುಚ್ತಿದ್ದ ಹೊತ್ತು ಅದು. ಮನೇಲಿ ಯಾರೂ ಇಲ್ಲದಿದ್ದಾಗ, ಇದ್ದಾಗಲೂ ಈಚೀಚೆಗೆ, ಆ ಖಾಲಿ ಜಾಗದಲ್ಲಿ ಅವ್ರು ಬಿಟ್ಟ ಸ್ವರನ ನಾನು ಹಿಡ್ಕೋತೀನಿ, ಗಂಟಲು ಬಿಟ್ಟು, ಅವ್ರು ವಾಪಸ್ ಬರೋವರೆಗೂ.